ಐದು ಗಾಜುಗಳಿಗೆ ಮರೆ

...ಅಥವಾ ಮರೆಯ ಮಾತನ್ನು ಮೊದಲು ಎತ್ತಿದವನು ನಾನೇ ಇರಬಹುದು, ಅವಳಲ್ಲ. ಇಷ್ಟು ದಿನ ನನಗೆ ನಾನೇ ಹೇಳಿಕೊಂಡು ಬಂದ ಕಥೆಯಲ್ಲಿ ನನ್ನ ಹೆಂಡತಿ ವ್ಯಾನಿನ ಹಿಂಭಾಗದಲ್ಲಿ, ಇನ್ನೂ ಹಾಸಿಗೆ ಹಾಕದ ಮಂಚದ ಪಕ್ಕ ನಿಂತು, ಐದು ಗಾಜುಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿ, "ಇವಕ್ಕೆಲ್ಲಾ ಏನರ ಮರಿ ಮಾಡಬೇಕ್ರಿ" ಅನ್ನುತ್ತಾಳೆ. ಆ ಚಿತ್ರದಲ್ಲಿ ಅವಳದು ಹಸಿರು ಸೀರೆ. ಆದರೆ ಆ ಸೀರೆಯನ್ನು ಕೊಂಡದ್ದು ನನ್ನ ತಮ್ಮನ ಮಗಳ ಮದುವೆಗೆ. ಅದಕ್ಕೂ ಐದು ತಿಂಗಳು ಮೊದಲು ಅವಳು ಅದನ್ನು ಉಟ್ಟಿರಲು ಸಾಧ್ಯವೇ ಇಲ್ಲ. ಸೀರೆ ಸುಳ್ಳಾದರೆ ಬೆರಳೂ ಸುಳ್ಳಿರಬಹುದು. ಗಾಜುಗಳು ಐದು ಎಂಬುದು ಮಾತ್ರ ನಿಜ. ಅವನ್ನು ಈಗಲೂ ಹೋಗಿ ಎಣಿಸಬಹುದು.

ಗಾಡಿಯ ವಿಷಯ ಮೊದಲು ಹೇಳಿಬಿಡುತ್ತೇನೆ. ಯಾವುದೋ ಕಾರ್ಖಾನೆಯ ಕೆಲಸಗಾರರನ್ನು ವರ್ಷಗಟ್ಟಲೆ ಹೊತ್ತು ತಿರುಗಿ ಹಳತಾದ, ಎತ್ತರದ ಛಾವಣಿಯ, ಹನ್ನೆರಡು ಸೀಟಿನ ವ್ಯಾನು. ನಾನು ನಿವೃತ್ತನಾದ ವರ್ಷ ಅದನ್ನು ಕೊಂಡು, ಸನತ್‌ನಗರದ ಒಂದು ಶೆಡ್ಡಿಗೆ ಒಯ್ದು, ಸೀಟುಗಳನ್ನೆಲ್ಲ ಕೀಳಿಸಿದೆ. ಮುಂದೆ ಒಂದು ಒಲೆ, ನಡುವೆ ಕಪಾಟು, ಹಿಂದೆ ಮಂಚ. ಮಂಚದ ಎಡಕ್ಕೆ ಎರಡು ಗಾಜು, ಬಲಕ್ಕೆ ಎರಡು, ಹಿಂದೆ ಒಂದು ದೊಡ್ಡದು. ಇಬ್ಬರೂ ಊರೂರು ತಿರುಗೋಣ, ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಿ ಮಲಗೋಣ ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ. ಅವಳು ಅಂಥದ್ದೇನೂ ಹೇಳಿದ ನೆನಪಿಲ್ಲ. ಅವಳಿಗೆ ಊರುಗಳು ಬೇಕಿರಲಿಲ್ಲ. ಅವಳಿಗೆ ಬೇಕಾದದ್ದು ಬೇರೆ, ಅದನ್ನು ಹೇಳಬೇಕಾದರೆ ನಮ್ಮ ಮನೆಯ ಬಗ್ಗೆ ಹೇಳಬೇಕು.

ನಮ್ಮದು ರೈಲ್ವೆ ನೌಕರಿಗೆಂದು ತೆಲುಗು ನಾಡಿಗೆ ಬಂದ ಅಪ್ಪ ಮಲ್ಕಾಜ್‌ಗಿರಿಯಲ್ಲಿ ಕಟ್ಟಿಸಿದ ಮನೆ. ನಾವಿಬ್ಬರು, ನನ್ನ ಅಮ್ಮ, ತಮ್ಮ, ಅವನ ಸಂಸಾರ ಎಲ್ಲ ಅದರಲ್ಲೇ. ಬಚ್ಚಲು ಇರುವುದು ಮನೆಯ ಹಿಂದೆ, ಅಲ್ಲಿಗೆ ದಾರಿ ನಮ್ಮ ಮಲಗುವ ಕೋಣೆಯ ನಡುವಿನಿಂದ. ಅಪ್ಪ ಯಾಕೆ ಹಾಗೆ ಕಟ್ಟಿಸಿದರೋ ಯಾರೂ ಕೇಳಲಿಲ್ಲ. ಬೆಳಗಿನ ಜಾವ ಮಡಿಯಲ್ಲಿ ನೀರು ತರಲು ಅಮ್ಮನಿಗೆ ಅಡ್ಡಿಯಾಗಬಾರದೆಂದು ನಮ್ಮ ಮದುವೆಗೂ ಮೊದಲೇ ಆ ಕೋಣೆಯ ಬಾಗಿಲನ್ನು ಕೀಳಿಸಿಬಿಟ್ಟಿದ್ದರು. ಆಮೇಲೆ ಅಲ್ಲಿ ಒಂದು ಪರದೆ ಮಾತ್ರ ಉಳಿಯಿತು.

ಬಾಗಿಲಿಲ್ಲದ ಮನೆಗೆ ಕೆಮ್ಮು ಬಾಗಿಲಾಗಿತ್ತು. ಗಂಡಸರು ಪರದೆಯ ಹತ್ತಿರ ಬಂದಾಗ ಒಮ್ಮೆ ಕೆಮ್ಮಬೇಕು. ಒಳಗಿದ್ದ ಹೆಂಗಸು ಸೆರಗು ಸರಿಮಾಡಿಕೊಂಡು ಗೋಡೆಯ ಕಡೆ ತಿರುಗಬೇಕು. ಕೆಮ್ಮಿದವನು ನೆಲ ನೋಡುತ್ತ ದಾಟಿ ಹೋಗಬೇಕು. ಅಪ್ಪನದು ಎರಡು ಬಾರಿ ಒಣ ಕೆಮ್ಮು. ತಮ್ಮನದು ಗಂಟಲು ಸರಿಮಾಡಿಕೊಂಡಂತೆ. ನನಗೂ ಒಂದು ಇತ್ತು. ನನ್ನ ಕೋಣೆಗೆ ನಾನು ಹೋಗುವಾಗಲೂ ಕೆಮ್ಮುತ್ತಿದ್ದೆ. ಇದನ್ನು ನಾವು ಮರ್ಯಾದೆ ಎಂದು ತಿಳಿದಿದ್ದೆವು. ಬಂದ ನೆಂಟರಿಗೆ ಹೆಮ್ಮೆಯಿಂದ ಹೇಳುತ್ತಿದ್ದೆವು ಕೂಡ.

ಹೀಗಾಗಿ ನನ್ನ ಹೆಂಡತಿ ಬಚ್ಚಲಿನಲ್ಲೇ ಸೀರೆ ಉಡುತ್ತಿದ್ದಳು. ಇಡೀ ಮನೆಯಲ್ಲಿ ಒಳಗಿನಿಂದ ಚಿಲಕ ಹಾಕಬಹುದಾದ ಬಾಗಿಲು ಅದೊಂದೇ. ಒದ್ದೆ ನೆಲ, ಬಕೆಟ್ಟು, ಸೋಪಿನ ನೀರು. ಸೀರೆಯ ಅಂಚು ಹಿಡಿದು ಮೊಣಕಾಲಿನವರೆಗೆ ಎತ್ತಿಕೊಂಡು ನಿರಿಗೆ ಮಾಡಬೇಕು. ಎಷ್ಟು ಎತ್ತಿದರೂ ಅಂಚು ಒದ್ದೆಯಾಗುತ್ತಿತ್ತು. ಅವಳ ಎಲ್ಲ ಸೀರೆಗಳೂ ಕೆಳಗಿನ ನಾಲ್ಕು ಬೆರಳಷ್ಟು ಬಣ್ಣ ಬಿಟ್ಟಿದ್ದವು. ಚಳಿಗಾಲದಲ್ಲಿ ದಿನವಿಡೀ ಆ ಒದ್ದೆ ಅಂಚು ಅವಳ ಹಿಮ್ಮಡಿಗೆ ಹತ್ತಿಕೊಂಡಿರುತ್ತಿತ್ತಂತೆ. ಈ 'ಅಂತೆ'ಯನ್ನು ಗಮನಿಸಬೇಕು. ಅದು ನನಗೆ ಗೊತ್ತಾದದ್ದು ಇಪ್ಪತ್ತಾರು ವರ್ಷಗಳ ನಂತರ, ಸನತ್‌ನಗರದ ಆ ಶೆಡ್ಡಿನಲ್ಲಿ, ಅವಳು ವ್ಯಾನಿನೊಳಗೆ ಮೊದಲ ಬಾರಿ ನೆಟ್ಟಗೆ ನಿಂತು ತಲೆ ಛಾವಣಿಗೆ ತಾಗುವುದಿಲ್ಲ ಎಂದು ಕೈಯೆತ್ತಿ ನೋಡಿದಾಗ.

"ಇಲ್ಲಿ ನಿಂತು ಉಡಬಹುದಲ್ರಿ" ಅಂದಳು.

"ಏನು?"

"ಸೀರಿ. ಮದುವ್ಯಾಗಿ ಇಷ್ಟು ವರ್ಷಾತು, ಒಣ ನೆಲದ ಮ್ಯಾಲೆ ನಿಂತು ಒಂದಿನಾ ಸೀರಿ ಉಟ್ಟಿಲ್ಲ ನಾ."

ನಾನು ನಕ್ಕೆ. ಅದನ್ನು ತಮಾಷೆ ಎಂದುಕೊಂಡೆ. ಆಮೇಲೆ ಅವಳು ಹಿಮ್ಮಡಿಯ ಮಾತು ಹೇಳಿದಳು, ನಾನು ನಗು ನಿಲ್ಲಿಸಿದೆ. ಅಥವಾ ನಿಲ್ಲಿಸಲಿಲ್ಲ. ಈ ಮಾತುಗಳು ಮಾತ್ರ ಅವಳವೇ. ಇಂಥ ಮಾತು ಕಟ್ಟುವ ಶಕ್ತಿ ನನಗಿಲ್ಲ.

ಅಂದಿನಿಂದ ಐದು ಗಾಜುಗಳ ಮರೆ ನನ್ನ ಜವಾಬ್ದಾರಿಯಾಯಿತು. ಯಾರೂ ಇಣುಕಲಾಗದ ಕೋಣೆ, ಅದರಲ್ಲಿ ಅವಳು ಒಣ ನೆಲದ ಮೇಲೆ ನಿಲ್ಲಬೇಕು. ಅಷ್ಟೇ. ಇದಕ್ಕಿಂತ ಚಿಕ್ಕದನ್ನು ಯಾವ ಹೆಂಡತಿಯೂ ಕೇಳಿರಲಾರಳು.

ಮೊದಲು ಕಪ್ಪು ಫಿಲ್ಮು ಹಾಕಿಸಿದೆ. ಸೀಟ್ ಕವರ್ ಅಂಗಡಿಯವನು ಅರ್ಧ ದಿನದಲ್ಲಿ ಐದಕ್ಕೂ ಅಂಟಿಸಿಕೊಟ್ಟ. ರೋಡಿನಲ್ಲಿ ಅದಕ್ಕೆ ಅನುಮತಿಯಿಲ್ಲ ಎಂಬುದು ನನಗೆ ಗೊತ್ತಿತ್ತು. ಇಡೀ ಸೇವೆಯನ್ನು ಸರ್ಕಾರಿ ಕಚೇರಿಯಲ್ಲಿ ಕಳೆದವನಿಗೆ ನಿಯಮ ಗೊತ್ತಿಲ್ಲದಿರುತ್ತದೆಯೇ? ನಿವೃತ್ತ ನೌಕರನ ಮುಖ ನೋಡಿ ಬಿಟ್ಟುಬಿಡುತ್ತಾರೆ ಅಂದುಕೊಂಡೆ. ಬೇಗಂಪೇಟೆಯ ಸಿಗ್ನಲ್ಲಿನಲ್ಲಿ ಟ್ರಾಫಿಕ್ ಕಾನ್‌ಸ್ಟೇಬಲ್ ಕೈ ಅಡ್ಡ ಹಿಡಿದು ಗಾಡಿಯನ್ನು ಬದಿಗೆ ಹಾಕಿಸಿದ.

"ಬ್ಲಾಕ್ ಫಿಲಂ ಉಂದಿ ಸಾರ್. ತೀಸೇಯಾಲಿ."

ತೆಗೆಯಲೇಬೇಕು ಎಂದ. ನಾನು ತೆಲುಗು ಬಿಟ್ಟು ಹಿಂದಿಗೆ ಹಾರಿದೆ. ಹಿಂದಿಯಲ್ಲಿ ನನ್ನ ದನಿ ಸ್ವಲ್ಪ ಸಾಹೇಬನದಾಗುತ್ತದೆ. "ಅಂದರ್ ಬೆಡ್‌ರೂಮ್ ಹೈ" ಅಂದೆ.

"ಗಾಡೀ ಮೇ ಬೆಡ್‌ರೂಮ್? ಕ್ಯಾ ಬಾತ್ ಹೈ ಸಾಬ್!" ಎಂದು ಅವನು ಇನ್ನೊಬ್ಬ ಕಾನ್‌ಸ್ಟೇಬಲ್ಲನ್ನು ಕೂಗಿ ಕರೆದ, ಇದನ್ನು ಅವನೂ ಕೇಳಲಿ ಎಂದು.

ಆಮೇಲೆ ಉಗುರಿನಿಂದ ಮೂಲೆಯೊಂದನ್ನು ಎಬ್ಬಿಸಿ ಹಿಡಿದು ಎಳೆದ. ಫಿಲ್ಮು ಉದ್ದಕ್ಕೆ ಸೀಳಿ ಬಂತು. ನನ್ನ ಹೆಂಡತಿ ಒಳಗೆ ಮಂಚದ ಮೇಲೆ ಕೂತಿದ್ದಳು. ಒಂದೊಂದು ಗಾಜು ಬರಿದಾದಂತೆ ಅವಳು ಒಂದಿಷ್ಟು ಒಂದಿಷ್ಟೇ ಹೊರಬಿದ್ದಳು. ಮೊದಲು ಭುಜ, ಆಮೇಲೆ ಮುಖ. ಸಿಗ್ನಲ್ಲಿಗೆ ಕಾದಿದ್ದ ಬೈಕಿನವರೆಲ್ಲ ನೋಡುತ್ತಿದ್ದರು. ಅವಳು ಕಂಡ ಕೂಡಲೇ ಕಾನ್‌ಸ್ಟೇಬಲ್ಲನ ಕೈ ನಿಂತಿತು. ಟೋಪಿ ಸರಿಮಾಡಿಕೊಂಡು, "ನಮಸ್ಕಾರಮಮ್ಮಾ" ಅಂದ. ಅವನೂ ಅವನ ರೀತಿಯಲ್ಲಿ ಕೆಮ್ಮಿದ. ಉಳಿದದ್ದನ್ನು ನಾನೇ ಕಿತ್ತೆ.

ಮನೆಯ ಮುಂದೆ ಇಳಿಯುವಾಗ ಅವಳು, "ಅವಂದೇನು ತಪ್ಪಿಲ್ಲ ಬಿಡ್ರಿ, ಕೇಳಿ ಹಾಕ್ಸಬೇಕಿತ್ತು" ಅಂದಳು. ಯಾರು ಯಾರನ್ನು ಕೇಳಬೇಕಿತ್ತು ಎಂದು ಹೇಳಲಿಲ್ಲ.

ಎರಡನೆಯದು ಬಸ್ಸುಗಳಲ್ಲಿ ಇರುವಂಥ ಪರದೆ, ಸ್ಪ್ರಿಂಗಿನ ತಂತಿಯ ಮೇಲೆ. ವ್ಯಾನಿನ ಗೋಡೆ ಮೇಲಕ್ಕೆ ಹೋದಂತೆ ಒಳಗೆ ಬಾಗಿರುತ್ತದೆ ಎಂಬುದು ಪರದೆ ತೂಗುಹಾಕುವವರೆಗೆ ನನಗೆ ಹೊಳೆದಿರಲಿಲ್ಲ. ಪರದೆ ನೆಟ್ಟಗೆ ಇಳಿಯಿತು, ಗೋಡೆ ಅದರಿಂದ ದೂರ ಸರಿದುಕೊಂಡಿತು. ಕೆಳಗೆ ಒಂದು ಗೇಣು ಸಂದು. ಹೊರಗೆ ನಿಂತವನು ಸ್ವಲ್ಪ ಬಗ್ಗಿದರೆ ಸಾಕು. ಕೆಳಗೂ ಒಂದು ತಂತಿ ಹಾಕಿಸಿದರೆ ಬಟ್ಟೆ ಮಡಿಕೆ ಮಡಿಕೆಯಾಗಿ ನಡುವೆ ಬಾಯಿ ಬಿಡುತ್ತಿತ್ತು. ಅವಳು ಆ ಬಾಯಿಗೆ ಸೇಫ್ಟಿ ಪಿನ್ನು ಹಾಕಿ ನೋಡಿ, ತಲೆ ಅಲ್ಲಾಡಿಸಿ ತೆಗೆದಳು.

ಆಗ ಅವಳು ಟ್ರಂಕು ತೆರೆದಳು.

ನಮ್ಮ ಕಡೆ ಮುತ್ತೈದೆ ಮನೆಗೆ ಬಂದರೆ ಬರಿಗೈಯಲ್ಲಿ ಕಳಿಸುವುದಿಲ್ಲ. ಅಕ್ಕಿ, ಕೊಬ್ಬರಿ ಬಟ್ಟಲು, ಜೊತೆಗೆ ಕುಪ್ಪಸಕ್ಕೆಂದು ಒಂದು ಖಣ ಇಟ್ಟು ಉಡಿ ತುಂಬುತ್ತಾರೆ. ಅಕ್ಕಿಯನ್ನು ಉಣ್ಣುತ್ತಾರೆ. ಖಣವನ್ನು ಮಾತ್ರ ಯಾರೂ ಹೊಲಿಸುವುದಿಲ್ಲ. ಅದು ಟ್ರಂಕಿಗೆ ಹೋಗಿ, ಮುಂದಿನ ಶುಕ್ರವಾರ ಇನ್ನೊಬ್ಬಳ ಉಡಿಗೆ ಬೀಳುತ್ತದೆ. ನಾವು ಕೊಟ್ಟ ಖಣವೇ ಅದೇ ಮಡಿಕೆಯಲ್ಲಿ, ಅದೇ ಎಣ್ಣೆಯ ಕಲೆಯ ಜೊತೆ ಎರಡು ವರ್ಷ ಬಿಟ್ಟು ನಮ್ಮ ಮನೆಗೆ ವಾಪಸು ಬಂದದ್ದುಂಟು. ಹೀಗೆ ಸೇರಿದ್ದವು ಅವಳ ಟ್ರಂಕಿನಲ್ಲಿ ನೂರಾರು. ಒಂದನ್ನು ತಂದು ಗಾಜಿಗೆ ಹಿಡಿದಳು. ಅಂಚಿನಿಂದ ಅಂಚಿಗೆ ಕೂತಿತು.

"ಅಳತಿ ತಗೊಂಡು ನೇಯ್ದಂಗ ಅದ ನೋಡ್ರಿ" ಅಂದಳು. ಅವಳ ದನಿಯಲ್ಲಿ ಒಂದು ಹಿಗ್ಗು ಇತ್ತು. ಹಿಂದೆ ದಪ್ಪ ಬಟ್ಟೆ ಕೊಟ್ಟು ಹೊಲಿದು, ಸುತ್ತಲೂ ಒತ್ತುಗುಂಡಿ ಹಚ್ಚಿ ಗಾಜಿನ ಚೌಕಟ್ಟಿಗೇ ಕೂಡಿಸಿಬಿಡುವುದು. ಸಂದು ಎಂಬುದೇ ಇರುವುದಿಲ್ಲ. ಪೇಪರಿನ ಹಾಳೆಗಳನ್ನು ಗಾಜಿಗೆ ಹಚ್ಚಿ, ಮೂಲೆಯ ತಿರುವು ಬಿಡದೆ ಐದಕ್ಕೂ ಅಚ್ಚು ಕತ್ತರಿಸಿದಳು. ಒಂದು, ಎರಡು ಎಂದು ಪೆನ್ಸಿಲಿನಲ್ಲಿ ಬರೆದಳು.

ಅಮ್ಮ ಪಡಸಾಲೆಯಿಂದ ಇದನ್ನೆಲ್ಲ ನೋಡುತ್ತಿದ್ದಳು. "ಉಡಿಯಾಗಿನ ಖಣಾ ಗಾಡಿ ಕಿಡಕಿಗೆ ಕಟ್ತೀಯೇನ? ಮಂದಿ ನೋಡಿ ಏನಂದಾರು?"

"ಮಂದಿ ನೋಡಬಾರದಂತನ ಕಟ್ಟೂದ್ರೀ ಅತ್ತಿ."

ತಮ್ಮನ ಹೆಂಡತಿ ಅಡುಗೆಮನೆಯಲ್ಲಿ ಕಿಸಕ್ಕನೆ ನಕ್ಕಳು. ಅಮ್ಮ ನಗಲಿಲ್ಲ. "ದೇವರ ಮುಂದ ತುಂಬಿದ್ದು ಅದು. ಅದರ ಕೆಳಗ ಮಲಗಿ ಹೊರಳಾಡೂ ಮಂದಿ ನೀವು. ನೀನರ ಹೇಳೋ ಆಕಿಗೆ" ಎಂದು ನನ್ನ ಕಡೆ ತಿರುಗಿದಳು.

ನಾನು ಅಮ್ಮನ ಪರ ವಹಿಸಿದೆ ಎಂದು ನೆನಪು ಹೇಳುತ್ತದೆ. ಆ ನೆನಪು ನನಗೆ ಅನುಕೂಲದ್ದು. ತಾಯಿಯ ಮಾತು ಮೀರದ ಮಗ ಎಂದರೆ ಕೇಳುವವರು ಅರ್ಧ ಕ್ಷಮಿಸುತ್ತಾರೆ. ನಿಜವಾಗಿ ನನಗೆ ಬೇಡವಾಗಿದ್ದದ್ದು ಆ ಬಣ್ಣಗಳು. ಕೆಂಪು, ಗಿಳಿಹಸಿರು, ನೇರಳೆ. ಒಳಗೆಲ್ಲ ನಾನು ಬೂದು ಬಣ್ಣ ಹೊಡೆಸಿದ್ದೆ. "ಬ್ಯಾಂಡ್‌ನವರ ಗಾಡಿ ಕಂಡಂಗ ಕಾಣ್ತದ" ಅಂದೆ. ಇದನ್ನು ಅಂದದ್ದು ಖಚಿತ, ಯಾಕೆಂದರೆ ಅಮ್ಮ ಆ ಮಾತನ್ನು ಹಿಡಿದು ಒಂದು ವಾರ ನಕ್ಕಳು. ನನ್ನ ಹೆಂಡತಿ ಐದು ಪೇಪರುಗಳನ್ನು ಒಂದರ ಮೇಲೊಂದು ಇಟ್ಟು ಮಡಚಿ, ಖಣಗಳ ಜೊತೆಗೇ ಟ್ರಂಕಿಗೆ ಹಾಕಿದಳು. ಅವಳು ವಾದ ಮಾಡಬೇಕಿತ್ತು ಎಂದು ಈಗ ನನಗೆ ಸಿಟ್ಟು ಬರುತ್ತದೆ. ಎಂಥ ಸಿಟ್ಟು ನೋಡಿ.

ಮೂರನೆಯ ಉಪಾಯ ಶೆಡ್ಡಿನ ಮಿಸ್ತ್ರಿಯದು. "ಸಾಬ್, ಮಿರರ್ ಶೀಟ್ ಲೇ ಲೋ. ಪಾನೀ ಮಾರೋ, ಚಿಪ್ಕಾದೋ. ಚಲಾತೇ ವಖತ್ ನಿಕಾಲ್ ದೋ. ಬಾಹರ್ ಸೇ ಕುಚ್ ಭೀ ನೈ ದಿಖ್ತಾ." ಕನ್ನಡಿಯಂಥ ಹಾಳೆ, ಹೊರಗಿನಿಂದ ಏನೂ ಕಾಣದು; ನೀರು ಚಿಮುಕಿಸಿದರೆ ಗಾಜಿಗೆ ಅಂಟುತ್ತದೆ, ಓಡಿಸುವಾಗ ಸುಲಿದು ಸುತ್ತಿ ಇಡಬಹುದು, ಪೊಲೀಸರ ತಂಟೆಯೂ ಇಲ್ಲ. ಬೆಳ್ಳಿಯ ಬಣ್ಣ, ಬೂದುಬಣ್ಣಕ್ಕೆ ಒಪ್ಪುತ್ತದೆ. ನನಗೆ ಹಿಡಿಸಿಬಿಟ್ಟಿತು.

ಶೆಡ್ಡಿನ ಅಂಗಳದಲ್ಲಿ, ನಡುಮಧ್ಯಾಹ್ನದ ಬಿಸಿಲಿನಲ್ಲಿ ಪರೀಕ್ಷೆ ಮಾಡಿದೆವು. ನಾನು ಒಳಗೆ ಕೂತು ಎರಡೂ ಕೈ ಬೀಸಿದೆ. ಹೊರಗೆ ಅವಳಿಗೆ ಏನೂ ಕಾಣಲಿಲ್ಲ. ಗಾಜಿನಲ್ಲಿ ಆಕಾಶ, ಶೆಡ್ಡಿನ ತಗಡು, ಅವಳ ಮುಖ ಮಾತ್ರ. ನನಗೆ ಒಳಗಿನಿಂದ ಅವಳು ಪೂರಾ ಕಾಣುತ್ತಿದ್ದಳು. ಒಂದು ಗೇಣು ದೂರದಲ್ಲಿ ನಿಂತು, ನಾನು ನೋಡುತ್ತಿದ್ದೇನೆ ಎಂಬುದನ್ನು ಮರೆತು, ಆ ಗಾಜಿನಲ್ಲಿ ನೋಡಿಕೊಂಡು ಹಣೆಯ ಕುಂಕುಮದ ಅಂಚನ್ನು ಕಿರುಬೆರಳಿನಿಂದ ಸರಿಮಾಡಿಕೊಂಡಳು. ನಾನಿಳಿದು ಬಂದಾಗ ಕೇಳಿದಳು: "ಒಳಗ ಲೈಟ್ ಹಾಕಿದ್ರ?"

"ಅದರಾಗೇನು ಫರಕ?" ಅಂದೆ. "ಏನೂ ಕಾಣೂದಿಲ್ಲ. ನಾ ಹೇಳ್ತೀನಲ್ಲ."

ಇಲ್ಲಿ ನಿಲ್ಲಬೇಕು. ಈ ಪ್ರಶ್ನೆಯನ್ನು ಅವಳು ನಿಜವಾಗಿ ಕೇಳಿದಳೇ? ಆಮೇಲೆ ನಡೆದದ್ದಕ್ಕೆ ಇದು ತೀರಾ ಸರಿಯಾಗಿ ಹೊಂದುತ್ತದೆ. ನಾನೇ ಆಮೇಲೆ ಈ ಪ್ರಶ್ನೆಯನ್ನು ಅವಳ ಬಾಯಿಗೆ ತುರುಕಿರಬಹುದು, ನನ್ನನ್ನು ಇನ್ನಷ್ಟು ಹೊಡೆದುಕೊಳ್ಳಲು. ಹೊಡೆದುಕೊಳ್ಳುವುದರಲ್ಲೂ ಒಂದು ಸುಖವಿದೆ, ನನಗೆ ಗೊತ್ತು. ಆದರೆ "ನಾ ಹೇಳ್ತೀನಲ್ಲ" ಎಂಬುದು ಮಾತ್ರ ನನ್ನದೇ ಮಾತು. ಅದನ್ನು ನಾನು ದಿನಕ್ಕೆ ಹತ್ತು ಸಲ ಅನ್ನುತ್ತಿದ್ದೆ.

ತಮ್ಮನ ಮಗಳ ಮದುವೆ ನಗರದ ಒಂದು ಫಂಕ್ಷನ್ ಹಾಲಿನಲ್ಲಿ. ಮದುವೆಯ ಹಿಂದಿನ ಸಂಜೆ ವರಪೂಜೆ. ಬೀಗರು ಬಂದಿಳಿದಿದ್ದರು, ಒಂದನ್ನು ಬಿಟ್ಟು ಹಾಲಿನ ಕೋಣೆಗಳೆಲ್ಲ ಅವರಿಗೆ ಹೋಗಿದ್ದವು. ನಮ್ಮ ಕಡೆಯ ಹೆಂಗಸರು ಆ ಒಂದು ಕೋಣೆಯಲ್ಲಿ ಹನ್ನೆರಡು ಮಂದಿ ಸರದಿಯಲ್ಲಿ ನಿಂತಿದ್ದರು. ನನ್ನ ಹೆಂಡತಿಗೆ ಮಾತ್ರ ಹೊರಗೆ ಅಂಗಳದಲ್ಲಿ ತನ್ನದೇ ಕೋಣೆ ಇತ್ತು. ವ್ಯಾನನ್ನು ನಾನೇ ತಂದು ಬೇವಿನ ಗಿಡದ ಕೆಳಗೆ ನಿಲ್ಲಿಸಿ, ಐದೂ ಗಾಜುಗಳಿಗೆ ನೀರು ಹೊಡೆದು ಶೀಟು ಅಂಟಿಸಿ, ಕೈ ಒರೆಸಿಕೊಂಡು, "ಹೋಗು, ಆರಾಮ ತಯಾರಾಗು" ಅಂದೆ. ಅವಳು ಸೀರೆಯ ಚೀಲ ಎದೆಗೊತ್ತಿಕೊಂಡು ಹತ್ತಿದಳು. ಹತ್ತುವಾಗ ಓರಗಿತ್ತಿಗೆ, "ಸಾಲು ಹಚ್ಚವ್ವಾ ನೀ, ನಂದು ಸ್ವಂತ ಮನಿ" ಎಂದು ಕೈ ತಿರುವಿದಳು. ಅವಳು ಹಾಗೆ ಜಂಭ ಕೊಚ್ಚಿಕೊಂಡದ್ದನ್ನು ನಾನು ಬೇರೆ ಯಾವಾಗಲೂ ಕೇಳಿಲ್ಲ.

ಅಂಗಳದಲ್ಲಿ ಗಂಡಸರಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಏಳೆಂಟು ಮಂದಿ: ಬೀಗರ ಕಡೆಯ ಮೂವರು, ನಮ್ಮ ಕಡೆಯ ಕೆಲವರು, ನಾನು. ಚಹಾ ಬಂತು. ಹೊತ್ತು ಮುಳುಗುತ್ತಿತ್ತು. ವ್ಯಾನಿನ ಗಾಜಿನಲ್ಲಿ ನಾವೆಲ್ಲ ಕೂತಿರುವುದು ಕಾಣುತ್ತಿತ್ತು, ಕುರ್ಚಿ, ಲೋಟ ಸಮೇತ. ಅದನ್ನು ನಾನು ಬೀಗರಿಗೆ ತೋರಿಸಿದೆ. "ಹೊರಗಿಂದ ಏನೂ ಕಾಣೂದಿಲ್ಲ ನೋಡ್ರಿ" ಎಂದು ಮಿಸ್ತ್ರಿಯ ಮಾತನ್ನೇ ಕನ್ನಡದಲ್ಲಿ ಹೇಳಿದೆ. ಅವರೆಲ್ಲ ತಿರುಗಿ ಆ ಕಡೆ ನೋಡಿದರು. ಅವರನ್ನು ಆ ಕಡೆ ತಿರುಗಿಸಿದವನು ನಾನು.

ಕತ್ತಲಾಯಿತು. ಒಳಗೆ ಲೈಟು ಹತ್ತಿತು. ನಾನೇ ಆರಿಸಿ ಹಾಕಿಸಿದ ಪ್ರಖರವಾದ ಬಿಳಿ ಲೈಟು. ಗಾಜಿನಲ್ಲಿದ್ದ ನಾವೆಲ್ಲ ಅಳಿಸಿಹೋದೆವು. ಅಲ್ಲಿ ಅವಳು ಇದ್ದಳು.

ಇದರ ಮುಂದಿನದಕ್ಕೆ ನನ್ನ ಬಳಿ ಮೂರು ನೆನಪುಗಳಿವೆ. ಒಂದರಲ್ಲಿ ನಾನು ಥಟ್ಟನೆ ಎದ್ದು ಓಡುತ್ತೇನೆ. ಇನ್ನೊಂದರಲ್ಲಿ ಕೆಮ್ಮುತ್ತೇನೆ, ಜೋರಾಗಿ, ಎರಡು ಸಲ, ಅಪ್ಪನ ಹಾಗೆ. ಮುಚ್ಚಿದ ಗಾಜಿನೊಳಗೆ ಅವಳಿಗೆ ಕೇಳಿಸುವುದಿಲ್ಲ. ಮೂರನೆಯದರಲ್ಲಿ ಕೂತಿರುತ್ತೇನೆ. ಮೊದಲ ಎರಡನ್ನು ನಂಬಬೇಕೆಂದು ನನಗೆ ಬಹಳ ಆಸೆ. ಆದರೆ ಲೋಟದ ಸಾಕ್ಷಿ ಇದೆ. ಲೈಟು ಹತ್ತಿದಾಗ ನನ್ನ ಕೈಯಲ್ಲಿದ್ದ ಎರಡನೆಯ ಸುತ್ತಿನ ಚಹಾ ಹಿಡಿಯಲಾರದಷ್ಟು ಬಿಸಿ ಇತ್ತು. ಲೋಟವನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತಿದ್ದೆ. ಕೊನೆಗೆ ಒಬ್ಬ ಹೆಂಗಸು ಕೂಗಿದಾಗ ಲೋಟ ಖಾಲಿಯಾಗಿತ್ತು.

ನನ್ನ ಹೆಂಡತಿ ಲಂಗ, ಕುಪ್ಪಸದಲ್ಲಿ ನಿಂತು ಹಸಿರು ಸೀರೆಯ ಒಂದು ತುದಿಯನ್ನು ಸಿಕ್ಕಿಸಿಕೊಳ್ಳುತ್ತಿದ್ದಳು. ಹೊರಗೆ ಕತ್ತಲಾದ ಮೇಲೆ ಆ ಶೀಟು ಒಳಗಿನವರಿಗೆ ಕನ್ನಡಿಯಾಗುತ್ತದೆ. ಅವಳು ಅದರಲ್ಲಿ ನೋಡಿಕೊಳ್ಳುತ್ತಿದ್ದಳು, ಅಂದರೆ ನೇರವಾಗಿ ನಮ್ಮ ಕಡೆಗೇ. ಯಾವ ಗಡಿಬಿಡಿಯೂ ಇರಲಿಲ್ಲ. ನಿರಿಗೆಗಳನ್ನು ಒಂದೊಂದಾಗಿ ಬೆರಳಿಗೆ ಸುತ್ತಿ, ಬಿಟ್ಟು, ಮತ್ತೆ ಹಿಡಿದಳು. ಸೆರಗನ್ನು ಹಾಕಿ ತೆಗೆದು, ಇನ್ನೊಂದು ರೀತಿ ಹಾಕಿ ನೋಡಿದಳು. ಪಕ್ಕಕ್ಕೆ ತಿರುಗಿ ಸೊಂಟ ನೋಡಿಕೊಂಡಳು. ನಕ್ಕಳು.

ಇಪ್ಪತ್ತಾರು ವರ್ಷದಲ್ಲಿ ಅವಳು ಸೀರೆ ಉಡುವುದನ್ನು ನಾನು ನೋಡಿರಲಿಲ್ಲ. ಅದಕ್ಕೇ ಎದ್ದೇಳಲಾಗಲಿಲ್ಲ, ಕಣ್ಣು ಕೀಳಲಾಗಲಿಲ್ಲ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಇದು ಚೆಂದದ ಕಾರಣ. ಚೆಂದವಾಗಿದೆ ಎಂಬುದಕ್ಕೇ ನನಗೆ ಇದರ ಮೇಲೆ ಅನುಮಾನ. ಇನ್ನೊಂದು ಕಾರಣ ಇಷ್ಟು ಚೆಂದವಿಲ್ಲ: ನಾನು ಎದ್ದರೆ, ಆ ಏಳೆಂಟು ಮಂದಿಗೂ ಕಂಡಿದೆ ಎಂದು ನಾನು ಒಪ್ಪಿಕೊಂಡಂತೆ. ಕೂತಿದ್ದರೆ, ಯಾರಿಗೂ ಏನೂ ಕಾಣದಂತೆ ನಾವೆಲ್ಲ ಸೇರಿ ನಟಿಸಬಹುದು. ಪರದೆ ದಾಟುವಾಗ ನೆಲ ನೋಡಿದವರೇ ಅಲ್ಲವೇ ನಾವು? ಆದರೆ ಆ ಸಂಜೆ ಯಾರೂ ನೆಲ ನೋಡುತ್ತಿರಲಿಲ್ಲ.

ಅಡುಗೆಯವರ ಜೊತೆ ಪಾತ್ರೆ ತಿಕ್ಕಲು ಒಬ್ಬ ಹೆಂಗಸು ಬಂದಿದ್ದಳು. ಯಾದಗಿರಿ ಕಡೆಯವಳು, ಉಳಿದ ದಿನಗಳಲ್ಲಿ ಕಟ್ಟಡದ ಕೆಲಸ. ಬೆಳಿಗ್ಗೆ ಅಮ್ಮ ಅವಳ ಊರು ಕೇಳಿ, "ನಮ್ಮ ಕಡಿಯಾಕಿ" ಎಂದು ಖುಷಿಪಟ್ಟಿದ್ದಳು. ಅವಳು ನೀರಿನ ಬಕೆಟ್ಟು ಹಿಡಿದು ಬಂದವಳು ಒಮ್ಮೆ ವ್ಯಾನು ನೋಡಿದಳು, ಒಮ್ಮೆ ನಮ್ಮನ್ನು ನೋಡಿದಳು.

"ಏನ್ ಕುಂತೀರ್ಯೋ ಬಾಯಿ ತಕ್ಕೊಂಡು! ನಿಮ್ಮನ್ಯಾಗ ಹೆಣ್ಮಕ್ಕಳಿಲ್ಲೇನು? ಹೊಳ್ಳಿ ಕುಂದರ್ರಿ ಅತ್ಲಾಗ!"

ಬಕೆಟ್ಟು ಕುಕ್ಕಿ, ಊಟದ ಟೇಬಲ್ಲಿನ ಬಿಳಿ ಬಟ್ಟೆಯೊಂದನ್ನು ಎಳೆದುಕೊಂಡು ಓಡಿ, ಎರಡೂ ಕೈ ಚಾಚಿ ಗಾಜಿಗೆ ಅಡ್ಡ ಹಿಡಿದು ನಿಂತಳು. ತಲೆಯಿಂದ ಗಾಜು ಕುಟ್ಟಿದಳು. "ಅವ್ವಾರ, ಲೈಟ್ ಆರಸ್ರಿ! ಹೊರಗೆಲ್ಲಾ ಕಾಣಾಕತ್ತೈತಿ!"

ಲೈಟು ಆರಿತು. ಆ ಹೆಂಗಸು ಬಟ್ಟೆಯನ್ನು ನೆಲಕ್ಕೆ ಹಾಕಿ, ಬಾಗಿಲು ಬಡಿದು ಒಳಗೆ ಹೋದಳು. ಎಷ್ಟು ಹೊತ್ತು ಇದ್ದಳೋ. ಇಬ್ಬರೂ ಕತ್ತಲಲ್ಲಿ. ನಾನು ಆಗ ಎದ್ದೆ. ಎದ್ದು ಹಾಲಿನೊಳಗೆ ಹೋದೆ, ವ್ಯಾನಿನ ಕಡೆಗಲ್ಲ.

ನನ್ನ ಹೆಂಡತಿ ಹಸಿರು ಸೀರೆಯಲ್ಲೇ ಬಂದಳು. ನಿರಿಗೆ ನೆಟ್ಟಗಿತ್ತು, ಅಂಚು ಒಣಗಿತ್ತು. ವರನಿಗೆ ಆರತಿ ಎತ್ತಿದಳು, ಬೀಗರ ಹೆಂಗಸರಿಗೆಲ್ಲ ಉಡಿ ತುಂಬಿದಳು, ಹಾಡು ಹೇಳಿ ಎಂದವರಿಗೆ ಹಾಡು ಹೇಳಿದಳು. ಊಟದ ಪಂಕ್ತಿಯಲ್ಲಿ ಬೀಗರಲ್ಲೊಬ್ಬರು ನನ್ನ ಪಕ್ಕ ಕೂತು, ಸಾರಿಗೆ ಕೈ ಹಾಕುತ್ತ ಅಂದರು: "ಗಾಡಿ ಭಾಳ ಛಲೋ ಮಾಡ್ಸೀರಿ ಬಿಡ್ರಿ. ನೋಡೂ ಹಂಗ ಅದ." ನಾನು "ಹೌದ್ರಿ" ಅಂದೆ. ಥ್ಯಾಂಕ್ಸ್ ಅಂದೆನೇನೋ ಕೂಡ.

ಆ ರಾತ್ರಿ ಅವಳು ಹಾಲಿನ ಕೋಣೆಯಲ್ಲಿ ಹನ್ನೆರಡು ಮಂದಿಯ ನಡುವೆ ಮಲಗಿದಳು. ಮನೆಗೆ ಹೋಗುವಾಗ ವ್ಯಾನು ಹತ್ತಲಿಲ್ಲ, ತಮ್ಮನ ಜೊತೆ ಹೋದಳು. ಆಮೇಲೂ ಹತ್ತಲಿಲ್ಲ. ಹತ್ತುವುದಿಲ್ಲ ಎಂದು ಹೇಳಲೂ ಇಲ್ಲ. ನಾನು ಎಲ್ಲಿಗಾದರೂ ಹೋಗೋಣ ಎಂದಾಗೆಲ್ಲ ಮನೆಯಲ್ಲಿ ಏನಾದರೊಂದು ಕೆಲಸ ಇರುತ್ತಿತ್ತು. ಬೆಳಿಗ್ಗೆ ಬಚ್ಚಲಿನಲ್ಲಿ ಚಿಲಕದ ಸಪ್ಪಳ ಕೇಳುತ್ತದೆ. ಒದ್ದೆ ಅಂಚಿನಲ್ಲಿ ಹೊರಗೆ ಬರುತ್ತಾಳೆ.

ಆಮೇಲೆ ನಾನು ಮರೆ ಮಾಡಿಸಿದೆ. ಫೋಮಿನ ಹಲಗೆ, ಎರಡೂ ಬದಿಗೆ ದಪ್ಪ ಬಟ್ಟೆ, ಚೌಕಟ್ಟಿಗೆ ಬಿಗಿಯಾಗಿ ಕೂರುವಂತೆ. ನಡುಮಧ್ಯಾಹ್ನದಲ್ಲಿ ಒಳಗೆ ಕೂತರೆ ಸ್ವಂತ ಕೈ ಕಾಣುವುದಿಲ್ಲ. ಹೊರಗೆ ನಿಂತು ನೋಡಿದೆ: ಬಿಸಿಲಿನಲ್ಲಿ ನೋಡಿದೆ, ಸಂಜೆ ನೋಡಿದೆ, ಒಳಗೆ ಲೈಟು ಹಾಕಿ ನೋಡಿದೆ, ಬಗ್ಗಿ ನೋಡಿದೆ. ಒಂದು ಗೆರೆಯಷ್ಟೂ ಬೆಳಕು ಬರಲಿಲ್ಲ. ಇದನ್ನು ಅವಳಿಗೆ ಹೇಳಿದೆ. "ಛಲೋ ಆತು" ಅಂದಳು. ವ್ಯಾನು ಮನೆಯ ಮುಂದೆ ನಿಂತಿದೆ. ತಮ್ಮ ಅದರಲ್ಲಿ ಕೆಟ್ಟ ಕೂಲರು, ಮದುವೆಯಲ್ಲಿ ಉಳಿದ ಪತ್ರಾವಳಿಯ ಕಟ್ಟು ಇಟ್ಟಿದ್ದಾನೆ.

ಆ ಮದುವೆ ಮುಗಿದ ನಾಲ್ಕನೆಯ ದಿನವೋ ಐದನೆಯ ದಿನವೋ ಅವಳು ಹಸಿರು ಸೀರೆಯನ್ನು ಮಡಚುತ್ತ ನನ್ನನ್ನು ಕೇಳಿದಳು. ಇಷ್ಟು ವರ್ಷದಲ್ಲಿ ಆ ಸಂಜೆಯ ಬಗ್ಗೆ ಅವಳು ಕೇಳಿದ್ದು ಇದೊಂದೇ.

"ನೀವು ಎಲ್ಲಿ ಕೂತಿದ್ರಿ ಆವಾಗ?"

"ಒಳಗ" ಅಂದೆ. "ಹಾಲಿನ್ಯಾಗ. ಪುರೋಹಿತರ ಹತ್ರ."

ಅವಳು "ಹೂಂ" ಅಂದಳು. ಸೀರೆಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, ಇನ್ನೊಂದು ತುದಿ ಹಿಡಿದು ಹಿಂದೆ ಸರಿದಳು. ಇಬ್ಬರೂ ಜಗ್ಗಿ ಹಿಡಿದು ಮಡಚಿದೆವು.

ಆ ಪಾತ್ರೆ ತಿಕ್ಕುವ ಹೆಂಗಸು ಕತ್ತಲಲ್ಲಿ ಅವಳಿಗೆ ಏನು ಹೇಳಿದಳು ಎಂಬುದು ನನಗೆ ಗೊತ್ತಿಲ್ಲ. ಹೊರಗೆ ಯಾರ್ಯಾರು ಇದ್ದರು ಎಂದು ಹೇಳಿದಳೋ, ಆ ಕುರ್ಚಿಗಳಲ್ಲಿ ಅವಳ ಗಂಡ ಯಾರು ಎಂದು ಆ ಹೆಂಗಸಿಗೆ ತಿಳಿದಿತ್ತೋ ಇಲ್ಲವೋ, ಅದೂ ಗೊತ್ತಿಲ್ಲ. ನನ್ನ ಹೆಂಡತಿ ನನ್ನ ಮಾತನ್ನು ನಂಬಿದಳೇ, ಅಥವಾ ಉತ್ತರ ಗೊತ್ತಿದ್ದೇ ಕೇಳಿದಳೇ? ಗೊತ್ತಿಲ್ಲ. ನಾನು ಕೇಳಿಲ್ಲ.